ರಸ್ತೆಯಂಚಿನ ಬಾಡಿಗೆ ಯಾರಿಗೆ ಸಲ್ಲಬೇಕು?

ನಾಸಿಕ್ ನಗರದ ಪೇಟೆಬೀದಿಗಳಲ್ಲಿ ವಾಹನ ನಿಲುಗಡೆಗೆ ಶುಲ್ಕ ವಿಧಿಸುವ ಮಾತು ಎದ್ದಾಗಲೆಲ್ಲ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಶುಲ್ಕ ಬಂದರೆ ಗಿರಾಕಿ ಬರುವುದಿಲ್ಲ, ಪೇಟೆ ಸಾಯುತ್ತದೆ ಎಂಬುದು ವರ್ತಕರ ಮಾತು. ಶುಲ್ಕ ಬಂದರೆ ಶಿಸ್ತು ಬರುತ್ತದೆ, ಜೊತೆಗೆ ಬೊಕ್ಕಸಕ್ಕೂ ನಾಲ್ಕು ಕಾಸು ಸೇರುತ್ತದೆ ಎಂಬುದು ಮಹಾನಗರಪಾಲಿಕೆಯ ಮಾತು. ನಾವು ಈ ಎರಡನ್ನೂ ಒಪ್ಪುವುದಿಲ್ಲ. ಪೇಟೆಯನ್ನು ಇಂದು ಬಾಡಿಸುತ್ತಿರುವುದು ಬಿಟ್ಟಿ ನಿಲುಗಡೆಯೇ ಹೊರತು ಇನ್ನೂ ಬಾರದ ಶುಲ್ಕವಲ್ಲ. ಹಾಗೆಂದು ಗುತ್ತಿಗೆದಾರನ ಚೀಲಕ್ಕೋ ಪಾಲಿಕೆಯ ತಳವಿಲ್ಲದ ಕೊಪ್ಪರಿಗೆಗೋ ಬೀಳುವ ಶುಲ್ಕ ಪೇಟೆಯನ್ನು ಉಳಿಸುವುದೂ ಇಲ್ಲ. ರಸ್ತೆಯಂಚಿನ ಜಾಗಕ್ಕೆ ಬಾಡಿಗೆ ಇರಲೇಬೇಕು. ಆ ಬಾಡಿಗೆಯ ಪ್ರತಿಯೊಂದು ರೂಪಾಯಿಯೂ ಅದೇ ಬೀದಿಯಲ್ಲಿ, ಅಲ್ಲಿಯ ಅಂಗಡಿಕಾರರ ಮತ್ತು ನಡೆದಾಡುವವರ ಕಣ್ಣೆದುರಿಗೇ ಖರ್ಚಾಗಬೇಕು. ನಮ್ಮ ವಾದ ಇಷ್ಟೇ.

ಹೊರನಾಡಿನವರಾದ ನಮಗೆ ಇದರ ಗೊಡವೆ ಏಕೆಂದು ಕೇಳುವವರಿದ್ದಾರೆ. ನೋಟು ಮುದ್ರಣಾಲಯ, ಸೇನೆಯ ತೋಪುಖಾನೆ ಕೇಂದ್ರ, ರೈಲ್ವೆ, ಹೋಟೆಲು ಎಂದು ಬಗೆಬಗೆಯ ಅನ್ನದ ದಾರಿ ಹಿಡಿದು ನಾಸಿಕ್ ರೋಡಿಗೆ ಬಂದ ಕನ್ನಡಿಗರಲ್ಲಿ ಹಲವರು ಈ ಊರಿನಲ್ಲೇ ಮನೆ ಕಟ್ಟಿದ್ದಾರೆ, ಇಲ್ಲೇ ಮತ ಹಾಕುತ್ತಾರೆ, ಇಲ್ಲೇ ತೆರಿಗೆ ಕಟ್ಟುತ್ತಾರೆ. ಬಿಟ್ಕೋ ಚೌಕದಲ್ಲಿ ರಸ್ತೆ ದಾಟಲಾರದೆ ನಿಲ್ಲುವ ವೃದ್ಧರಲ್ಲಿ ನಮ್ಮ ತಂದೆತಾಯಿಯರೂ ಇದ್ದಾರೆ. ಊರಿನ ಕಾಲುದಾರಿಗೆ ಭಾಷೆಯ ಗಡಿಯಿಲ್ಲ. ಕನ್ನಡದಲ್ಲಿ ಯೋಚಿಸಿದ್ದನ್ನು ಈ ಊರಿನ ಹಿತಕ್ಕೆ ಸಲ್ಲಿಸುವುದು ನಮ್ಮ ಕರ್ತವ್ಯವೇ.

ಮೊದಲು ಪೇಟೆಯ ಸ್ಥಿತಿಯನ್ನು ಇದ್ದಂತೆ ನೋಡೋಣ. ಹಳೆಯ ನಾಸಿಕ್ಕಿನ ಮೇನ್ ರೋಡ್, ರವಿವಾರ ಕಾರಂಜಾ, ಸರಾಫ್ ಬಜಾರ್, ಭಾಂಡಿ ಬಜಾರ್ ಇವೆಲ್ಲ ಮೋಟಾರು ವಾಹನ ಹುಟ್ಟುವ ಮೊದಲೇ ವಾಡೆಗಳ ನಡುವೆ ಬೆಳೆದ ಬೀದಿಗಳು. ಅವುಗಳ ಅಗಲ ಮನುಷ್ಯನ ಭುಜಕ್ಕೆ, ಎತ್ತಿನಗಾಡಿಯ ಅಚ್ಚಿಗೆ ಹೊಂದುವಂಥದು. ಇತ್ತ ನಾಸಿಕ್ ರೋಡಿನಲ್ಲಿ ನಿಲ್ದಾಣದಿಂದ ಬಿಟ್ಕೋ ಚೌಕದವರೆಗೆ, ಮುಕ್ತಿಧಾಮದ ಆಸುಪಾಸಿನಲ್ಲಿ, ದಾರಿ ಸ್ವಲ್ಪ ಅಗಲವಾಗಿದ್ದರೂ ಎರಡು ಮಗ್ಗುಲಲ್ಲೂ ನಿಂತ ವಾಹನಗಳು ಅದನ್ನು ಹಳೆಯ ಊರಿನಷ್ಟೇ ಇಕ್ಕಟ್ಟಾಗಿಸಿವೆ. ಇಲ್ಲಿ ನಿಂತಿರುವ ವಾಹನಗಳು ಯಾರವು ಎಂಬ ಪ್ರಶ್ನೆಯನ್ನು ವರ್ತಕ ಸಂಘಗಳು ಎಂದೂ ಎತ್ತುವುದಿಲ್ಲ. ಬೆಳಗಿನ ಹತ್ತು ಗಂಟೆಗೆ, ಕದ ತೆರೆಯುವ ಹೊತ್ತಿಗೆ, ಅಂಗಡಿಯ ಮುಂದಿನ ಜಾಗ ಹಿಡಿಯುವವನು ಅಂಗಡಿಯ ಯಜಮಾನ. ಅವನ ಬೆನ್ನಿಗೇ ಕೆಲಸದ ಹುಡುಗರ ಮೋಟಾರುಬೈಕುಗಳು, ಮೇಲಂತಸ್ತಿನ ಕಚೇರಿ ನೌಕರರ ಸ್ಕೂಟರುಗಳು. ನಿಲ್ದಾಣದ ಬಳಿಯಾದರೆ, ಪಂಚವಟಿ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬಯಿಗೆ ದಿನವೂ ಹೋಗಿಬರುವವರಲ್ಲಿ ಕೆಲವರು ನಿಲ್ದಾಣದ ಹಣದ ನಿಲುಗಡೆ ತಪ್ಪಿಸಲು ಅಡ್ಡಬೀದಿಯಲ್ಲಿ ಬಿಟ್ಟುಹೋದ ಗಾಡಿಗಳೂ ಇವೆ. ಸೂರ್ಯ ನೆತ್ತಿಗೇರುವ ಮೊದಲೇ ಬೀದಿ ತುಂಬಿತು. ಗಿರಾಕಿ ಬರುವುದು ಆಮೇಲೆ.

ಸಣ್ಣದೊಂದು ಲೆಕ್ಕ ಹಾಕೋಣ. ಪೇಟೆಯ ವೇಳೆ ಬೆಳಿಗ್ಗೆ 10ರಿಂದ ರಾತ್ರಿ 9ರವರೆಗೆ, ಅಂದರೆ 11 ಗಂಟೆ. ಒಂದು ಕಾರಿನ ಜಾಗವನ್ನು ಯಜಮಾನನ ಕಾರು ದಿನವಿಡೀ ಹಿಡಿದರೆ ಆ ಜಾಗ ಅಂಗಡಿಗೆ ತಂದುಕೊಟ್ಟ ಗಿರಾಕಿಗಳ ಸಂಖ್ಯೆ ಸೊನ್ನೆ. ಅದೇ ಜಾಗದಲ್ಲಿ ತಲಾ 45 ನಿಮಿಷ ನಿಂತು ಹೋಗುವ ಗಿರಾಕಿಗಳಾದರೆ ದಿನಕ್ಕೆ 14 ಕಾರುಗಳಿಗೆ ಎಡೆ ಸಿಗುತ್ತದೆ. ಈಗ ಗಂಟೆಗೆ 20 ರೂಪಾಯಿ ಶುಲ್ಕ ಇದೆ ಎಂದುಕೊಳ್ಳಿ. ಎರಡು ಸಾವಿರದ ಸೀರೆ ಕೊಳ್ಳಲು ಬಂದವರು 20 ರೂಪಾಯಿಗೆ ಹೆದರಿ ಹಿಂದಿರುಗುವರೇ? ಹಿಂದಿರುಗುವವನು ದಿನಕ್ಕೆ 220 ರೂಪಾಯಿ ತೆರಬೇಕಾದ ಯಜಮಾನ. ಶುಲ್ಕದ ಬಿಸಿ ತಟ್ಟುವುದು ಅವನಿಗೆ. ಕೂಗು ಮಾತ್ರ ಗಿರಾಕಿಯ ಹೆಸರಿನಲ್ಲಿ. ಬೇರೆಯವರ ಹೆಗಲ ಮೇಲೆ ಕೋವಿ ಇಟ್ಟು ಗುಂಡು ಹಾರಿಸುವ ಕಲೆ ಇದು.

ನಿಲುಗಡೆ ಶುಲ್ಕದ ಚರಿತ್ರೆಯೇ ವರ್ತಕರ ಈಗಿನ ವಾದಕ್ಕೆ ವಿರುದ್ಧ ಸಾಕ್ಷಿ ಹೇಳುತ್ತದೆ. ಜಗತ್ತಿನ ಮೊದಲ ಪಾರ್ಕಿಂಗ್ ಮೀಟರು 1935ರ ಜುಲೈ 16ರಂದು ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ ನೆಟ್ಟದ್ದು. ಅದನ್ನು ರೂಪಿಸಲು ಮುಂದಾದ ಪತ್ರಿಕಾ ಸಂಪಾದಕ ಕಾರ್ಲ್ ಮೆಗೀಗೆ ಆ ಕೆಲಸ ಒಪ್ಪಿಸಿದ್ದು ಅಲ್ಲಿನ ವಾಣಿಜ್ಯ ಮಂಡಳಿ. ಪೇಟೆಯಲ್ಲಿ ಕೆಲಸ ಮಾಡುವವರ ಕಾರುಗಳೇ ಬೆಳಗಿನಿಂದ ಸಂಜೆಯವರೆಗೆ ರಸ್ತೆಯಂಚನ್ನು ಹಿಡಿದಿದ್ದರಿಂದ ಗಿರಾಕಿಗಳಿಗೆ ಜಾಗವಿಲ್ಲವೆಂಬುದು ವರ್ತಕರದೇ ದೂರು. ಗಂಟೆಗೆ ಐದು ಸೆಂಟ್ ದರ ಬಂದೊಡನೆ ದಿನವಿಡೀ ನಿಲ್ಲುವವರು ದೂರ ಸರಿದರು. ಕೊಳ್ಳಲು ಬಂದವರಿಗೆ ಜಾಗ ಸಿಕ್ಕಿತು. ಶುಲ್ಕ ಎಂಬುದು ಗಿರಾಕಿಗಾಗಿ ವರ್ತಕನೇ ಬೇಡಿ ತಂದ ಉಪಾಯ. ಅದನ್ನು ವರ್ತಕನ ಶತ್ರುವೆಂದು ಇಂದು ಸಾರುವುದು ವಿಚಿತ್ರ.

ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಇದನ್ನೇ ಜೀವಮಾನದ ಅಧ್ಯಯನವಾಗಿಸಿಕೊಂಡು, 2005ರಲ್ಲಿ ‘ದಿ ಹೈ ಕಾಸ್ಟ್ ಆಫ್ ಫ್ರೀ ಪಾರ್ಕಿಂಗ್’ ಎಂಬ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಅವರ ಸೂತ್ರ ಸರಳ: ಪ್ರತಿ ಬೀದಿಯಲ್ಲೂ ಯಾವಾಗಲೂ ಒಂದೆರಡು ಜಾಗ ಖಾಲಿ ಇರುವಷ್ಟು ದರ ಇರಲಿ, ಅದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ, ಬಂದ ಹಣ ಆ ಬೀದಿಗೇ ಹೋಗಲಿ. ಅವರು ಮೇಲಿಂದ ಮೇಲೆ ಕೊಡುತ್ತಿದ್ದ ಉದಾಹರಣೆ ಪ್ಯಾಸಡೀನಾ ನಗರದ ಹಳೆಯ ಪೇಟೆ. ಪಾಳುಬಿದ್ದಿದ್ದ ಆ ಪೇಟೆಗೆ 1993ರಲ್ಲಿ ಮೀಟರು ತರಲು ಹೊರಟಾಗ ಅಲ್ಲಿನ ವರ್ತಕರೂ ವಿರೋಧಿಸಿದರು. ಮೀಟರಿನ ಹಣವನ್ನೆಲ್ಲ ಇದೇ ಪೇಟೆಯ ಕಾಲುದಾರಿ, ಮರ, ದೀಪ, ಸ್ವಚ್ಛತೆಗೆ ಬಳಸುತ್ತೇವೆಂದು ನಗರಾಡಳಿತ ಮಾತು ಕೊಟ್ಟ ಮೇಲೆ ಅದೇ ವರ್ತಕರು ಒಪ್ಪಿದರು. ಗಂಟೆಗೆ ಒಂದು ಡಾಲರ್ ದರ. ಕೆಲವೇ ವರ್ಷಗಳಲ್ಲಿ ಆ ಪೇಟೆ ಜನರು ಸುಮ್ಮನೆ ಅಡ್ಡಾಡಲೆಂದೇ ಬರುವ ತಾಣವಾಯಿತು.

ಅದು ಅಮೆರಿಕ, ಇದು ನಾಸಿಕ್ ಎಂಬ ಆಕ್ಷೇಪ ಬರುತ್ತದೆ. ಒಪ್ಪೋಣ. ಆದರೆ ಹಣ ಊರಿನಲ್ಲಿಯೇ ಉಳಿಯಬೇಕೆಂಬ ವಿವೇಕ ನಮಗೆ ಅಮೆರಿಕದಿಂದ ಬರಬೇಕಾಗಿಲ್ಲ. ಅಯ್ಯಾವೊಳೆಯ ಐನೂರ್ವರು ದಕ್ಖನ್ನಿನ ಉದ್ದಗಲಕ್ಕೂ ವ್ಯಾಪಾರ ನಡೆಸಿದ ಕಾಲದ ಶಾಸನಗಳನ್ನು ತೆರೆದು ನೋಡಿ. ಹೇರಿಗೆ ಇಷ್ಟು, ಅಂಗಡಿಗೆ ಇಷ್ಟು, ಎಲೆಯ ಹೊರೆಗೆ ಇಷ್ಟು ಎಂದು ವರ್ತಕರು ತಮ್ಮ ಮೇಲೆ ತಾವೇ ಆಯ ವಿಧಿಸಿಕೊಂಡು, ಅದನ್ನು ಆ ಊರಿನ ದೇವಾಲಯಕ್ಕೋ ಕೆರೆಗೋ ದತ್ತಿ ಬಿಟ್ಟ ವಿವರ ಅಲ್ಲಿದೆ. ಅದನ್ನು ಕಲ್ಲಿನಲ್ಲಿ ಕೆತ್ತಿಸಿ ಎಲ್ಲರೂ ಓದುವಂತೆ ನಿಲ್ಲಿಸಿದರು. ಸುಂಕ ಕೊಟ್ಟವನಿಗೆ ಅದು ಎಲ್ಲಿ ಹೋಯಿತೆಂದು ತಿಳಿದಿತ್ತು. ಕೆರೆಯಲ್ಲಿ ನೀರು ಕಾಣುತ್ತಿತ್ತು. ಇಂದಿನ ನಗರಪಾಲಿಕೆಗಳ ಶುಲ್ಕಕ್ಕೆ ಇಲ್ಲದಿರುವುದು ಈ ಕಲ್ಲು ಮತ್ತು ಈ ಕೆರೆ.

ವರ್ತಕರ ಭಯದಲ್ಲಿ ಹುರುಳೇ ಇಲ್ಲವೆಂದು ನಾವು ಹೇಳುವುದಿಲ್ಲ. ಒಂದೆಡೆ ಮಾಲ್, ಇನ್ನೊಂದೆಡೆ ಮೊಬೈಲಿನಲ್ಲೇ ಮುಗಿಯುವ ಖರೀದಿ. ಬೀದಿಯ ಅಂಗಡಿ ಇವೆರಡರ ನಡುವೆ ಸಿಕ್ಕಿದೆ. ಆದರೆ ಗಿರಾಕಿ ಯಾವುದಕ್ಕೆ ಹಣ ಕೊಡುತ್ತಾನೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದನ್ನು ಗಮನಿಸಬೇಕು. ರೈಲುನಿಲ್ದಾಣದ ನಿಲುಗಡೆಯಲ್ಲಿ ಜನ ಗೊಣಗುತ್ತಲಾದರೂ ಹಣ ಕೊಡುತ್ತಾರೆ. ದೊಡ್ಡ ಊರುಗಳ ಮಾಲ್‌ಗಳಲ್ಲಿಯೂ ಕೊಡುತ್ತಾರೆ. ಕೊಟ್ಟ ಹಣಕ್ಕೆ ಅಲ್ಲಿ ಜಾಗ ಖಾತರಿ, ನೆರಳು ಖಾತರಿ, ಶೌಚಾಲಯ ಖಾತರಿ. ಮೇನ್ ರೋಡಿನಲ್ಲಿ ಶುಲ್ಕವಿಲ್ಲ. ಜಾಗವೂ ಇಲ್ಲ, ಹೆಂಗಸರಿಗೆ ಹೋಗಲು ಶೌಚಾಲಯ ಹುಡುಕಿದರೂ ಸಿಗದು, ಮಗುವಿನ ಕೈ ಹಿಡಿದು ನಡೆಯಲು ಮೂರಡಿ ಕಾಲುದಾರಿಯಿಲ್ಲ. ಗಿರಾಕಿ ಮಾಲ್‌ಗೆ ಓಡುತ್ತಿರುವುದು 20 ರೂಪಾಯಿ ಉಳಿಸಲು ಖಂಡಿತ ಅಲ್ಲ.

ಗಿರಾಕಿಗಳೆಲ್ಲ ವಾಹನದಲ್ಲೇ ಬರುತ್ತಾರೆಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲುವಂಥದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಎರಡು ಅಂಗಡಿಬೀದಿಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ನಿಮ್ಮ ಗಿರಾಕಿಗಳಲ್ಲಿ ನೂರಕ್ಕೆ ಎಷ್ಟು ಮಂದಿ ಕಾರಿನಲ್ಲಿ ಬರುತ್ತಾರೆಂದು ಅಂಗಡಿಕಾರರನ್ನು ಕೇಳಲಾಯಿತು. 41 ಎಂದರು. ಗಿರಾಕಿಗಳನ್ನೇ ಕೇಳಿದಾಗ ಸಿಕ್ಕ ಉತ್ತರ 22. ಮನೆಮನೆಗೆ ಕಾರಿರುವ ದೇಶದ ಲೆಕ್ಕ ಇದಾದರೆ, ಷೇರ್ ರಿಕ್ಷಾ, ಸಿಟಿಲಿಂಕ್ ಬಸ್ಸು, ಬರಿಗಾಲು ಇವನ್ನೇ ನಂಬಿ ಶಾಲಿಮಾರಿಗೆ ಬಂದಿಳಿಯುವ ನಮ್ಮ ಜನರ ಲೆಕ್ಕ ಹೇಗಿದ್ದೀತು? ವರ್ತಕ ತನ್ನ ಗಲ್ಲಾಪೆಟ್ಟಿಗೆಯ ಹಿಂದಿನಿಂದ ನೋಡುವುದು ಬಾಗಿಲ ಮುಂದೆ ನಿಂತ ಕಾರನ್ನು. ಆ ಕಾರಿನ ಹಿಂದೆ ನಡೆಯಲಾಗದೆ ತಿರುಗಿಹೋದ ಹತ್ತು ಮಂದಿ ಅವನ ಕಣ್ಣಿಗೆ ಬೀಳುವುದೇ ಇಲ್ಲ.

ಬಿಟ್ಟಿ ಎಂಬ ಮಾತಿನಲ್ಲೇ ಒಂದು ಮೋಸವಿದೆ. ಕಾರೊಂದು ನಿಲ್ಲಲು ಸುಮಾರು 12 ಚದರ ಮೀಟರು ನೆಲ ಬೇಕು. ಅಷ್ಟು ನೆಲ ಬಾಗಿಲೊಳಗಿದ್ದರೆ ಅದೊಂದು ಸಣ್ಣ ಮಳಿಗೆ. ಬಾಗಿಲೊಳಗಿನ ನೆಲಕ್ಕೆ ಯಜಮಾನ ತಿಂಗಳು ತಿಂಗಳೂ ಬಾಡಿಗೆ ಎಣಿಸುತ್ತಾನೆ, ಬಾಗಿಲಾಚೆಯ ನೆಲ ಮಾತ್ರ ಪಿತ್ರಾರ್ಜಿತವೆಂಬಂತೆ ಬಳಸುತ್ತಾನೆ. ಅದೇ ಬೀದಿಯಲ್ಲಿ ತಳ್ಳುಗಾಡಿಯ ಮೇಲೆ ದ್ರಾಕ್ಷಿಯೋ ಹಸಿಮೆಣಸಿನಕಾಯಿಯೋ ಮಾರುವವನ ಸ್ಥಿತಿ ನೋಡಿ. 2014ರ ಬೀದಿವ್ಯಾಪಾರಿಗಳ ಕಾಯಿದೆ ಅವನಿಗೆ ಹಕ್ಕು ಕೊಟ್ಟಿದೆ, ಜೊತೆಗೆ ಶುಲ್ಕವನ್ನೂ ಹೊರಿಸಿದೆ. ಆರಡಿ ಜಾಗಕ್ಕೆ ಅವನು ರಸೀದಿ ಪಡೆಯಬೇಕು. ರಸೀದಿ ಇದ್ದರೂ ದಾಳಿಯ ದಿನ ಗಾಡಿ ಎತ್ತಿಹಾಕುವರೆಂಬ ಅಂಜಿಕೆಯಲ್ಲಿ ಬದುಕಬೇಕು. ಅವನ ಪಕ್ಕದಲ್ಲಿ ಹತ್ತು ಲಕ್ಷದ ಕಾರು ದಿನವಿಡೀ ಕಾಸಿಲ್ಲದೆ ನಿಂತಿರುತ್ತದೆ. ದುಡಿಯುವವನ ನೆಲಕ್ಕೆ ಬಾಡಿಗೆ, ಮಲಗಿದ ಕಾರಿನ ನೆಲಕ್ಕೆ ಮಾಫಿ! ಇದಕ್ಕೆ ಯಾವ ಅರ್ಥಶಾಸ್ತ್ರದಲ್ಲಿಯೂ ಸಮರ್ಥನೆಯಿಲ್ಲ. ಕೇಂದ್ರ ಸರ್ಕಾರದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ನಿಲುಗಡೆಯ ದರ ಆ ನೆಲದ ಮೌಲ್ಯವನ್ನು ಪ್ರತಿಫಲಿಸಬೇಕೆಂದು ಹೇಳಿದೆ. ಎರಡು ದಶಕ ಕಳೆದರೂ ಆ ನೀತಿ ಬಹುತೇಕ ಕಾಗದದ ಮೇಲೆಯೇ ಇದೆ.

ಇಷ್ಟು ಹೇಳಿದ ಮೇಲೆ ಪಾಲಿಕೆಯ ಕಡೆಗೆ ತಿರುಗಬೇಕು. ಜಕಾತಿ ಹೋಯಿತು, ಅದರ ಬದಲಿಗೆ ಬಂದ ಸ್ಥಳೀಯ ಸಂಸ್ಥೆ ತೆರಿಗೆಯೂ 2015ರಲ್ಲಿ ಬಹುಪಾಲು ವರ್ತಕರ ಮಟ್ಟಿಗೆ ರದ್ದಾಯಿತು. ಸ್ವಂತ ಆದಾಯ ಸೊರಗಿದ ಪಾಲಿಕೆಗಳು ರಸ್ತೆಯಂಚಿನಲ್ಲಿ ಹೊಸ ಕಾಮಧೇನುವನ್ನು ಕಾಣತೊಡಗಿವೆ. ಅವು ಬಲ್ಲ ದಾರಿ ಒಂದೇ: ಟೆಂಡರು ಕರೆಯುವುದು, ಇಡೀ ಬೀದಿಯನ್ನು ಗುತ್ತಿಗೆಗೆ ಕೊಡುವುದು, ವರ್ಷಕ್ಕಿಷ್ಟು ಎಂದು ಹಣ ಎಣಿಸಿಕೊಂಡು ಕೈತೊಳೆದುಕೊಳ್ಳುವುದು. ಆಮೇಲೆ ನಡೆಯುವುದನ್ನು ಯಾವ ಊರಿನವರಿಗೂ ವಿವರಿಸಬೇಕಾಗಿಲ್ಲ. ಗಂಟೆಯ ಲೆಕ್ಕವಿಲ್ಲದ ಚೀಟಿ, ಚೀಟಿಯಿಲ್ಲದ ವಸೂಲಿ, ಎದುರು ಮಾತಾಡಿದವನಿಗೆ ನಾಲ್ಕು ಹುಡುಗರ ಸುತ್ತುವರಿಕೆ. ಇದರ ಮೇಲೆ, ಗಾಡಿ ನಿಲ್ಲಿಸಲು ಜಾಗ ಗುರುತಿಸದ ಬೀದಿಗಳಲ್ಲಿ ಗಾಡಿ ಎತ್ತಿಕೊಂಡು ಹೋಗುವ ಟೋಯಿಂಗ್ ಲಾರಿ. ಇಂಥ ಶುಲ್ಕವನ್ನು ವರ್ತಕರು ವಿರೋಧಿಸಿದರೆ ಅವರ ಜೊತೆ ನಾವೂ ನಿಲ್ಲುತ್ತೇವೆ.

ಬೆಂಗಳೂರು ಈ ಪಾಠವನ್ನು ಎರಡೂ ಬಗೆಯಲ್ಲಿ ಕಲಿತಿದೆ. ಗುತ್ತಿಗೆದಾರರ ವಸೂಲಿಯ ಮೇಲೆ ದೂರುಗಳು ಮುಗಿಯದಾದಾಗ ಅಲ್ಲಿನ ಪಾಲಿಕೆ ರಸ್ತೆಯಂಚಿನ ಶುಲ್ಕವನ್ನೇ ಕೈಬಿಟ್ಟಿತು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ! ನಗರದ ಉಳಿದ ಬೀದಿಗಳು ಬಿಟ್ಟಿಯಾಗಿದ್ದ ಕಾಲದಲ್ಲೂ ಬ್ರಿಗೇಡ್ ರಸ್ತೆಯಲ್ಲಿ ವರ್ತಕರ ಸಂಘವೇ ಮುಂದೆ ನಿಂತು ತಂದ ಮೀಟರು ವ್ಯವಸ್ಥೆಯಿತ್ತು. ಅದರಿಂದ ಬ್ರಿಗೇಡ್ ರಸ್ತೆ ಬರಿದಾಗಲಿಲ್ಲ. ಇತ್ತೀಚಿನ ಉದಾಹರಣೆ ಫ್ರೀಡಂ ಪಾರ್ಕಿನ ಬಹುಮಹಡಿ ನಿಲುಗಡೆ. ಕಟ್ಟಿದ ಮೇಲೂ ಬಹುಕಾಲ ಬೀಗ ಜಡಿದಿದ್ದ ಆ ಕಟ್ಟಡ 2024ರಲ್ಲಿ ತೆರೆಯಿತು. ಮೊದಲ ದಿನಗಳಲ್ಲಿ ಅದರ ಮಹಡಿಗಳು ಖಾಲಿ ಹೊಡೆದವು, ಸುತ್ತಲಿನ ಗಾಂಧಿನಗರದ ಬೀದಿಗಳು ಗಿಜಿಗುಟ್ಟುತ್ತಿದ್ದವು. ಹೊರಗೆ ಬಿಟ್ಟಿ ಇರುವಾಗ ಒಳಗೆ ಹಣ ಕೊಡುವವರು ಯಾರು? ಕೋಟಿ ಕೋಟಿ ಸುರಿದು ಮಹಡಿ ಕಟ್ಟಿಕೊಡಿ ಎಂದು ಕೇಳುವ ಎಲ್ಲ ಊರಿನ ವರ್ತಕ ಸಂಘಗಳೂ ಇದನ್ನು ಹೋಗಿ ನೋಡಿಬರಬೇಕು. ನಮ್ಮ ನೆರೆಯ ಪುಣೆಯಲ್ಲಿ ಪಾಲಿಕೆಯ ಸಾಮಾನ್ಯ ಸಭೆ 2018ರಲ್ಲಿ ನಿಲುಗಡೆ ನೀತಿಗೆ ಒಪ್ಪಿಗೆ ಕೊಟ್ಟಿತು. ವಿರೋಧದ ಗದ್ದಲದಲ್ಲಿ ಅದನ್ನು ಕೆಲವೇ ರಸ್ತೆಗಳ ಪ್ರಯೋಗಕ್ಕೆ ಇಳಿಸಲಾಯಿತು. ಆ ಪ್ರಯೋಗವೂ ವರ್ಷಗಟ್ಟಲೆ ರಸ್ತೆಗೆ ಇಳಿಯಲಿಲ್ಲ. ಹಣ ಎಲ್ಲಿ ಹೋಗುತ್ತದೆಂದು ಜನರಿಗೆ ತೋರಿಸದೆ ತಂದ ನೀತಿಗೆ ಬೆಂಬಲಿಗರು ಹುಟ್ಟುವುದಿಲ್ಲ.

ನಾಸಿಕ್ಕಿಗೆ ಈಗ ಹೊತ್ತು ಕೂಡಿಬಂದಿದೆ. 2027ರಲ್ಲಿ ಸಿಂಹಸ್ಥ ಕುಂಭಮೇಳ ಮತ್ತೆ ಬರುತ್ತಿದೆ. ಅದಕ್ಕಾಗಿ ರಸ್ತೆಗಳ ಕೆಲಸಕ್ಕೆ ಹಣ ಹರಿಯುತ್ತಿದೆ. 2015ರ ಮೇಳದಲ್ಲಿ ಏನಾಯಿತೆಂಬುದನ್ನು ನೆನೆಯಬೇಕು. ಹೊರಗಿನ ವಾಹನಗಳನ್ನು ಊರಾಚೆಯ ಮೈದಾನಗಳಲ್ಲಿ ನಿಲ್ಲಿಸಿ, ಅಲ್ಲಿಂದ ಬಸ್ಸುಗಳಲ್ಲಿ ಜನರನ್ನು ತಂದರು. ರಾಮಕುಂಡದ ಸುತ್ತ ನೆರೆದ ಆ ಜನಸಾಗರದಲ್ಲಿ ತಮ್ಮ ಕಾರನ್ನು ಘಟ್ಟದ ಬಳಿಗೆ ತಂದವರು ಇರಲಿಲ್ಲ. ಮೊದಲ ಪರ್ವಸ್ನಾನದ ದಿನ ಪೊಲೀಸ್ ತಡೆಬೇಲಿಗಳು ಅತಿಯಾಗಿ ಜನರೇ ಒಳಗೆ ಬರಲಾಗಲಿಲ್ಲವೆಂಬ ಟೀಕೆ ಬಂತು, ವ್ಯಾಪಾರಿಗಳೂ ದೂರಿದರು. ಆ ಟೀಕೆ ನ್ಯಾಯವಾದದ್ದೇ. ವಾಹನವನ್ನು ತಡೆಯುವುದು ಒಂದು, ಮನುಷ್ಯನನ್ನು ತಡೆಯುವುದು ಇನ್ನೊಂದು. ವಾಹನ ದೂರ ನಿಂತು ಮನುಷ್ಯ ಸಲೀಸಾಗಿ ಒಳಬಂದರೆ ಪೇಟೆ ಬೆಳೆಯುತ್ತದೆ.

ಈ ಊರಿಗೆ ಅದು ಹೊಸತೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಾಸಿಕ್ ರೋಡ್ ನಿಲ್ದಾಣದಿಂದ ಹಳೆಯ ಊರಿನವರೆಗೆ ಟ್ರಾಂ ಹಾಕಿದ್ದರು. ಮೊದಲು ಅದನ್ನು ಕುದುರೆಗಳು ಎಳೆಯುತ್ತಿದ್ದವು. ಯಾತ್ರಿಕರೂ ವರ್ತಕರೂ ಅದರಲ್ಲೇ ಪೇಟೆಗೆ ಬಂದಿಳಿಯುತ್ತಿದ್ದರು. ಮೇನ್ ರೋಡಿನ ಅಂಗಡಿಗಳು ಹೆಸರು ಮಾಡಿದ್ದು ಯಾರ ಬಾಗಿಲಲ್ಲೂ ಕಾರು ನಿಲ್ಲದಿದ್ದ ದಿನಗಳಲ್ಲಿ.

ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ. ಶುಲ್ಕ ಗಂಟೆಯ ಲೆಕ್ಕದಲ್ಲಿರಲಿ, ಹೊತ್ತು ಬೆಳೆದಂತೆ ದರವೂ ಏರಲಿ. ದ್ವಿಚಕ್ರ ವಾಹನಕ್ಕೆ ಮೊದಲ ಅರ್ಧ ಗಂಟೆ ಮಾಫಿ ಇರಲಿ, ಅಂಗವಿಕಲರಿಗೆ ಪೂರ್ತಿ ಮಾಫಿ ಇರಲಿ. ಅಂಗಡಿಯ ಯಜಮಾನರಿಗೂ ನೌಕರರಿಗೂ ಸ್ವಲ್ಪ ದೂರದ ಮೈದಾನದಲ್ಲಿ ಕಡಿಮೆ ದರದ ತಿಂಗಳ ಪಾಸು ಸಿಗಲಿ. ಬೀದಿಯನ್ನು ಇಡಿಯಾಗಿ ಗುತ್ತಿಗೆಗೆ ಕೊಡುವುದು ನಿಲ್ಲಲಿ. ವಸೂಲಿ ಮಾಡುವವನಿಗೆ ಸಂಬಳ ಇರಲಿ, ವಸೂಲಿಯಲ್ಲಿ ಪಾಲು ಬೇಡ. ತಳ್ಳುಗಾಡಿಯವರಿಗೆ ಗುರುತಿಸಿದ ಜಾಗ ಅದೇ ಬೀದಿಯಲ್ಲಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ತಿಂಗಳು ಎಷ್ಟು ಬಂತು, ಯಾವ ಕಾಲುದಾರಿಗೆ, ಯಾವ ಶೌಚಾಲಯಕ್ಕೆ, ಯಾವ ದೀಪಕ್ಕೆ ಎಷ್ಟು ಹೋಯಿತು ಎಂಬುದನ್ನು ಬೀದಿಯ ಎರಡೂ ತುದಿಯಲ್ಲಿ ಮರಾಠಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ನಿಲ್ಲಿಸಲಿ. ಈ ಫಲಕ ಇಲ್ಲದ ಬೀದಿಯಲ್ಲಿ ಒಂದು ರೂಪಾಯಿ ಶುಲ್ಕವನ್ನೂ ಕೇಳಬಾರದು.

ವರ್ತಕ ಬಂಧುಗಳಿಗೆ ಒಂದು ಮಾತು. ಮುಂದಿನ ಸಲ ಶುಲ್ಕದ ಪ್ರಸ್ತಾಪ ಬಂದಾಗ ಕದ ಹಾಕಿ ಮುಷ್ಕರ ಹೂಡುವ ಬದಲು ಲೆಕ್ಕದ ಫಲಕ ಕೇಳಿ. ಹಣ ನಮ್ಮ ಬೀದಿಗೇ ಬರಲಿ ಎಂದು ಪಟ್ಟು ಹಿಡಿಯಿರಿ. ಅದಕ್ಕೂ ಮೊದಲು, ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಕಾರನ್ನು ಅಂಗಡಿಯ ಮುಂದಿನಿಂದ ತೆಗೆಸಿ. ಅದಕ್ಕೆ ಟೆಂಡರೂ ಬೇಡ, ಠರಾವೂ ಬೇಡ.